ಹಿತ್ತಾಳೆಯ ಎಂಜಿನ್ನೋ, ಪ್ಲಾಸ್ಟಿಕ್ಕಿನದೋ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಕಾಣಿಕೆಯಾಗಿ ವಿಜ್ಞಾನದ ಕೋಣೆಗೆ ಒಂದು ಮಾದರಿ ರೈಲನ್ನು ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಸಂಕಲ್ಪಿಸಿರುವುದು ಸಂತೋಷದ ಸಂಗತಿ. ಗಿರಣಿಯನ್ನೂ ರೈಲ್ವೆಯನ್ನೂ ನಂಬಿ ಬಾಳಿದ ಸೊಲ್ಲಾಪುರದ ಕನ್ನಡ ಮನೆತನಗಳಿಗೆ ಇದು ಒಪ್ಪುವ ಕಾಣಿಕೆಯೇ ಸರಿ. ಆದರೆ ಎಂಜಿನ್ನು ಹಿತ್ತಾಳೆಯದಾಗಬೇಕೋ ಪ್ಲಾಸ್ಟಿಕ್ಕಿನದಾಗಬೇಕೋ ಎಂಬಲ್ಲಿ ಎರಡು ಮತಗಳಿವೆ. ಈ ಕುರಿತು ನನ್ನ ಅಭಿಪ್ರಾಯವನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

ಹಿತ್ತಾಳೆಯ ಪಕ್ಷ ವಹಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಕುಶಲಕರ್ಮಿಗಳು ಅಮೆರಿಕದ ಹವ್ಯಾಸಿಗಳಿಗಾಗಿ ಇಂಥ ಎಂಜಿನ್ನುಗಳನ್ನು ಮಾಡತೊಡಗಿದರು; 1970ರ ದಶಕದಲ್ಲಿ ಆ ಕೆಲಸ ಕೊರಿಯಾಕ್ಕೂ ಹಬ್ಬಿತು. ತೆಳುವಾದ ತಗಡನ್ನು ರಾಸಾಯನಿಕ ದ್ರವದಿಂದ ಕೊರೆದು, ಸಣ್ಣ ಭಾಗಗಳನ್ನು ಎರಕ ಹೊಯ್ದು, ಕೈಯಿಂದಲೇ ಬೆಸುಗೆ ಹಾಕಿ ಜೋಡಿಸುತ್ತಾರೆ. ಬಿಟ್ಟ ಬೆಸುಗೆಯನ್ನು ಮತ್ತೆ ಹಾಕಬಹುದು, ನೆಗ್ಗಿದ್ದನ್ನು ತಿದ್ದಬಹುದು. ಆದರೆ ಬೆಲೆ ಬಹಳ. ಮೆರುಗೆಣ್ಣೆ ಸವೆದಲ್ಲಿ ಬೆರಳಿನ ಬೆವರು ತಾಗಿ ಕಪ್ಪಾಗುತ್ತದೆ. ಮನೆಯ ತಂಬಿಗೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕುವಂತಿಲ್ಲ. ಮೈಯೆಲ್ಲ ಲೋಹವಾದ್ದರಿಂದ ನಿರೋಧಕದ ಏರ್ಪಾಡು ಕೆಟ್ಟರೆ ವಿದ್ಯುತ್ತು ಅಡ್ಡದಾರಿ ಹಿಡಿಯುವ ಭಯವೂ ಉಂಟು.

ಪ್ಲಾಸ್ಟಿಕ್ಕಿನ ಲೆಕ್ಕವೇ ಬೇರೆ. ಉಕ್ಕಿನ ಅಚ್ಚು ಕೊರೆಸಲು ಅಪಾರ ಹಣ ಬೇಕು; ಒಮ್ಮೆ ಕೊರೆಸಿದರೆ ಸಾವಿರಾರು ಎಂಜಿನ್ನುಗಳು ಅದರಿಂದ ಹೊರಬರುತ್ತವೆ. ಹೀಗಾಗಿ ಒಂದೊಂದರ ಬೆಲೆ ಇಳಿಯುತ್ತದೆ. ಮೈ ಹಗುರವಾದರೂ ಒಳಗೆ ಲೋಹದ ತೂಕವಿಟ್ಟು ಹಳಿಯ ಮೇಲೆ ಹಿಡಿತ ಬರುವಂತೆ ಮಾಡುತ್ತಾರೆ. ಹಿಂದೆ ನಾಜೂಕಿನಲ್ಲಿ ಹಿತ್ತಾಳೆಯೇ ಮೇಲಾಗಿತ್ತು; ಇಂದಿನ ಒಳ್ಳೆಯ ಪ್ಲಾಸ್ಟಿಕ್ ಮಾದರಿಗಳಲ್ಲಿ ರಿವೆಟ್ಟಿನ ತಲೆಗಳು ಕೂಡ ಎಣಿಸುವಷ್ಟು ಸ್ಪಷ್ಟ. ಬಿದ್ದರೆ ಮುರಿಯುತ್ತದೆ, ನಿಜ. ಆದರೆ ಹಿತ್ತಾಳೆಯ ಒಂದರ ಬೆಲೆಗೆ ಇಂಥವು ಹಲವು ಬರುತ್ತವೆ.

ಒಂದು ವಿಷಯದಲ್ಲಿ ಮಾತ್ರ ಹಿತ್ತಾಳೆಗೆ ಎದುರಿಲ್ಲ. ನಮ್ಮ ಜಿಲ್ಲೆಯ ಬಾರ್ಶಿ ಲೈಟ್ ರೈಲ್ವೆ 1897ರಲ್ಲಿ ಆರಂಭವಾಯಿತು. ಹಳಿಗಳ ನಡುವೆ 2 ಅಡಿ 6 ಅಂಗುಲ ಅಂತರ. ಒಂದು ಜೋಡಿ ಗಾಲಿಯ ಮೇಲೆ 5 ಟನ್‌ಗಿಂತ ಹೆಚ್ಚು ಭಾರ ಬೀಳದಂತೆ ಎವೆರಾರ್ಡ್ ಕ್ಯಾಲ್‌ಥ್ರಾಪ್ ಅದನ್ನು ಯೋಜಿಸಿದರು. ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆಯ ಎಂಜಿನ್ನುಗಳು ಅಲ್ಲಿ ಓಡಿದವು. ಪಂಢರಪುರದ ಯಾತ್ರಿಕರನ್ನು ಹೊತ್ತ ಆ ಮಾರ್ಗ ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಅಂಥ ಎಂಜಿನ್ನಿಗಾಗಿ ಯಾವ ಕಾರ್ಖಾನೆಯೂ ದುಬಾರಿ ಅಚ್ಚು ಕೊರೆಸೀತೆಂದು ಕಾಯುವುದು ವ್ಯರ್ಥ. ಅದು ಬೇಕಾದರೆ ಹಿತ್ತಾಳೆಯಲ್ಲಿ ಕೈಯಿಂದಲೇ ಮಾಡಿಸಬೇಕು.

ಆದರೂ ಮೊದಲ ಹಣ ಪ್ಲಾಸ್ಟಿಕ್ಕಿಗೆ ಸಲ್ಲಲಿ ಎಂಬುದೇ ನನ್ನ ಮತ. ಶಾಲೆ ವಸ್ತುಸಂಗ್ರಹಾಲಯವಲ್ಲ. ಗಾಜಿನ ಕಪಾಟಿನ ಎಂಜಿನ್ನಿಗೆ ಬೀಗದ ಕೈ ಒಂದೇ, ಅದು ಹೆಡ್‌ಮಾಸ್ತರರ ಮೇಜಿನಲ್ಲಿ. ಮೇಜಿನ ಮೇಲೆ ಓಡುವ ಎಂಜಿನ್ನು ಮಾತ್ರ ಪ್ರಶ್ನೆ ಹುಟ್ಟಿಸುತ್ತದೆ. ನಿಜವಾದ ಉಗಿಬಂಡಿಯಲ್ಲಿ ಸಲಾಕೆಗಳು ಗಾಲಿಯನ್ನು ತಿರುಗಿಸುತ್ತವೆ. ಮಾದರಿಯಲ್ಲಿ ಮೋಟಾರು ಗಾಲಿಯನ್ನು ತಿರುಗಿಸಿ, ಗಾಲಿ ಸಲಾಕೆಗಳನ್ನು ಆಡಿಸುತ್ತದೆ. ಈ ವ್ಯತ್ಯಾಸವನ್ನು ಹುಡುಗನೊಬ್ಬ ತಾನೇ ಕಂಡು ಕನ್ನಡದಲ್ಲಿ ವಿವರಿಸಿದರೆ ಅದೇ ಪಾಠ. 87ರಲ್ಲಿ ಒಂದು ಪಾಲಿಗೆ ಇಳಿಸಿದ ಗಾಡಿಯನ್ನು ಅಳೆದು ನಿಜವಾದ ಉದ್ದವನ್ನು ಹುಡುಗಿಯೊಬ್ಬಳು ಲೆಕ್ಕ ಹಾಕಿದರೆ ಅದೇ ಗಣಿತ.

ಗಡಿಯಾಚೆಯ ನಾವು ಕನ್ನಡವನ್ನು ಉಳಿಸಿಕೊಂಡದ್ದೂ ಹೀಗೆಯೇ. ಬಜಾರಿನಲ್ಲಿ ಮರಾಠಿ, ತೆಲುಗುಗಳೊಡನೆ ಉಜ್ಜಾಡುತ್ತ, ಅಲ್ಲಲ್ಲಿ ಚಕ್ಕೆ ಏಳುತ್ತ ಬಳಕೆಯಲ್ಲಿದ್ದುದರಿಂದ ಅದು ಉಳಿದಿದೆ; ಹಬ್ಬಕ್ಕೊಮ್ಮೆ ಹೊರತೆಗೆದದ್ದರಿಂದಲ್ಲ. ಆದುದರಿಂದ ಮಿತ್ರರೇ, ಈ ವರ್ಷ ಮಕ್ಕಳ ಕೈಗೆ ಓಡುವ ರೈಲನ್ನು ಕೊಡಿರಿ. ಅದರೊಡನೆ ಆಡಿ ಬೆಳೆದವರು ಮುಂದೆ ಬಾರ್ಶಿಯ ಎಂಜಿನ್ನನ್ನು ಹಿತ್ತಾಳೆಯಲ್ಲಿ ತಾವೇ ಮಾಡಿ ತಂದಾರು. ಆಗ ಅದಕ್ಕೆ ಕಪಾಟನ್ನು ನಾವೆಲ್ಲ ಸಂತೋಷದಿಂದ ಮಾಡಿಸೋಣ.