ಕೊನೆಯ ಸುತ್ತಿನಲ್ಲಿ ಗೆಲ್ಲುವುದು ಬಲವೋ, ಅಗತ್ಯವೋ?

ಬೆಂಗಳೂರು: 2025ರ ಮಾರ್ಚ್ 11ರಂದು ಇಲ್ಲಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ಎಫ್‌ಸಿ ತಂಡ ಬೆಂಗಳೂರು ಎಫ್‌ಸಿ ತಂಡವನ್ನು 2-0 ಗೋಲುಗಳಿಂದ ಮಣಿಸಿತು. ಹದಿನೆಂಟು ದಿನಗಳ ಬಳಿಕ, ಮಾರ್ಚ್ 29ರಂದು, ಅದೇ ಅಂಗಳದಲ್ಲಿ ಅದೇ ತಂಡಗಳು ಮತ್ತೆ ಎದುರಾದವು. ಈ ಬಾರಿ ಬೆಂಗಳೂರು 5-0ರಿಂದ ಗೆದ್ದಿತು.

ಇಷ್ಟು ಅಲ್ಪಾವಧಿಯಲ್ಲಿ ಎರಡು ತಂಡಗಳ ಸಾಮರ್ಥ್ಯ ಇಷ್ಟೊಂದು ಬದಲಾಗುವುದುಂಟೇ? ಉತ್ತರದ ಒಂದು ಭಾಗ ಅಂಕಪಟ್ಟಿಯಲ್ಲಿದೆ. ಮೊದಲ ಪಂದ್ಯದ ವೇಳೆಗೆ ಬೆಂಗಳೂರು ಪ್ಲೇಆಫ್ ಸ್ಥಾನ ಖಚಿತಪಡಿಸಿಕೊಂಡಿತ್ತು. ಮುಂಬೈಗೆ ಮಾತ್ರ ಒಡಿಶಾ ಎಫ್‌ಸಿಯನ್ನು ಹಿಂದಿಕ್ಕಿ ಆರನೇ ಸ್ಥಾನ ಪಡೆಯಲು ಕನಿಷ್ಠ ಒಂದು ಅಂಕ ಬೇಕಿತ್ತು. ಎರಡನೆಯದು ಸೋತವರು ಮನೆಗೆ ಮರಳಬೇಕಾದ ನಾಕೌಟ್ ಪಂದ್ಯ. ಅಲ್ಲಿ ಎರಡೂ ತಂಡಗಳ ಅಗತ್ಯ ಸಮನಾಗಿತ್ತು.

ಗುರಿ ಮುಟ್ಟಿದ ಮೇಲೆ

ಇಂಡಿಯನ್ ಸೂಪರ್ ಲೀಗ್‌ನ 2022-23ರ ಋತು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಒದಗಿಸುತ್ತದೆ. ಆ ವರ್ಷ ಮುಂಬೈ ಸಿಟಿ ಮೊದಲ 18 ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. 2023ರ ಫೆಬ್ರುವರಿ 11ರಂದು ಗೋವಾ ತಂಡವನ್ನು 5-3ರಿಂದ ಸೋಲಿಸಿ, ಎರಡು ಪಂದ್ಯ ಬಾಕಿ ಇರುವಾಗಲೇ ಲೀಗ್ ಶೀಲ್ಡ್ ತನ್ನದಾಗಿಸಿಕೊಂಡಿತು. ಉಳಿದ ಆ ಎರಡೂ ಪಂದ್ಯಗಳಲ್ಲಿ ಸೋತಿತು. ಫೆಬ್ರುವರಿ 15ರಂದು ಬೆಂಗಳೂರು 2-1ರಿಂದ, ಫೆಬ್ರುವರಿ 19ರಂದು ಈಸ್ಟ್ ಬೆಂಗಾಲ್ 1-0ಯಿಂದ ಅದನ್ನು ಮಣಿಸಿದವು.

ಬೆಂಗಳೂರಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಮೊದಲ 12 ಪಂದ್ಯಗಳಿಂದ ಅದು ಗಳಿಸಿದ್ದು ಕೇವಲ 10 ಅಂಕ. ಇನ್ನೊಂದೆರಡು ಸೋಲು ಕಂಡಿದ್ದರೆ ಬಾಗಿಲು ಮುಚ್ಚುತ್ತಿತ್ತು. ಆ ಹಂತದಿಂದ ಸತತ ಎಂಟು ಪಂದ್ಯ ಗೆದ್ದು, 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೇರಿತು. ಕೊನೆಯ ಪಂದ್ಯಕ್ಕೂ ಅರ್ಥವಿತ್ತು. ಬೆಂಗಳೂರು, ಎಟಿಕೆ ಮೋಹನ್ ಬಾಗನ್ ಮತ್ತು ಕೇರಳ ಬ್ಲಾಸ್ಟರ್ಸ್ ಮೂರೂ 31 ಅಂಕಗಳಲ್ಲಿದ್ದು, ತವರಿನಲ್ಲಿ ಪ್ಲೇಆಫ್ ಆಡುವ ಅವಕಾಶ ಪಣದಲ್ಲಿತ್ತು. ಫೆಬ್ರುವರಿ 23ರಂದು ಬೆಂಗಳೂರು ಗೋವಾವನ್ನು 3-1ರಿಂದ ಸೋಲಿಸಿತು. ಗೆಲ್ಲಲೇಬೇಕಿದ್ದ ಗೋವಾ ಹೊರಬಿತ್ತು. ಹಿಂದಿನ ದಿನವೇ ತನ್ನ ಪಂದ್ಯ ಸೋತು ಕುಳಿತಿದ್ದ ಒಡಿಶಾ ಆರನೆಯ ತಂಡವಾಗಿ ಒಳಬಂದಿತು.

ಮುಂದಿನದೂ ಗಮನಾರ್ಹ. ಮೊದಲ ಎರಡು ಸ್ಥಾನ ಪಡೆದು ನೇರವಾಗಿ ಸೆಮಿಫೈನಲ್ ತಲುಪಿದ್ದ ಮುಂಬೈ ಮತ್ತು ಹೈದರಾಬಾದ್ ಎರಡೂ ಪೆನಾಲ್ಟಿ ಶೂಟೌಟ್‌ನಲ್ಲಿ ಎಡವಿದವು. ಪ್ಲೇಆಫ್ ಹೋರಾಟದಲ್ಲಿ ಬೆವರು ಹರಿಸಿ ಬಂದ ಬೆಂಗಳೂರು ಮತ್ತು ಮೋಹನ್ ಬಾಗನ್ ಫೈನಲ್ ಆಡಿದವು. ಅಲ್ಲಿಯೂ ಶೂಟೌಟ್ ಆಗಿ ಬಾಗನ್ 4-3ರಿಂದ ಗೆದ್ದಿತು.

ಅಗತ್ಯವೇ ಎಲ್ಲವೂ ಅಲ್ಲ

ಆದರೆ ಇದನ್ನೇ ನಿಯಮವೆಂದು ಭಾವಿಸಿದರೆ ತಪ್ಪಾದೀತು. ಮುಂಬೈಯನ್ನು ಮಣಿಸಿದ ಈಸ್ಟ್ ಬೆಂಗಾಲ್‌ಗೆ ಪ್ಲೇಆಫ್ ಆಸೆಯೇ ಉಳಿದಿರಲಿಲ್ಲ. ಅದು ಒಂಬತ್ತನೇ ಸ್ಥಾನದಲ್ಲಿ ಋತು ಮುಗಿಸಿತು. ಕಳೆದುಕೊಳ್ಳಲು ಏನೂ ಇಲ್ಲದ ತಂಡ ನಿರಾಳವಾಗಿ ಆಡಬಲ್ಲದು. ಮುಂದಿನ ಋತುವಿನ ಒಪ್ಪಂದಕ್ಕಾಗಿ ಆಟಗಾರನೊಬ್ಬನಿಗೆ ತನ್ನದೇ ಅಗತ್ಯವೂ ಇರಬಹುದು. ಮೋಹನ್ ಬಾಗನ್ ಕೂಡ 2025ರ ಫೆಬ್ರುವರಿ 23ರಂದು ಎರಡು ಪಂದ್ಯ ಬಾಕಿ ಇರುವಾಗಲೇ ಶೀಲ್ಡ್ ಗೆದ್ದಿತ್ತು. ಆದರೂ ಮುಂಬೈ ವಿರುದ್ಧ 2-2 ಡ್ರಾ ಸಾಧಿಸಿ, ಗೋವಾವನ್ನು 2-0ಯಿಂದ ಸೋಲಿಸಿ, ಕೊನೆಗೆ ಏಪ್ರಿಲ್ 12ರ ಫೈನಲ್‌ನಲ್ಲಿ ಬೆಂಗಳೂರು ತಂಡವನ್ನೇ 2-1ರಿಂದ ಮಣಿಸಿ ಕಪ್ ಕೂಡ ಎತ್ತಿತು. ಬಲಿಷ್ಠ ತಂಡದ ಮೇಲೆ ಸಡಿಲಿಕೆಯ ಪರಿಣಾಮ ಕಡಿಮೆ. ಸಮಬಲದ ತಂಡಗಳ ನಡುವೆ ಅದೇ ನಿರ್ಣಾಯಕ.

ಮೂರನೆಯವರಿಗೆ ಪೆಟ್ಟು

ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಸ್ಥಾನ ಖಚಿತವಾದ ತಂಡ ಪ್ರಮುಖ ಆಟಗಾರರಿಗೆ ವಿಶ್ರಾಂತಿ ನೀಡುವುದು ಅಪರಾಧವಲ್ಲ. ಗಾಯ ಮತ್ತು ಅಮಾನತಿನ ಭೀತಿ ಇರುವಾಗ ಅದು ವಿವೇಕವೇ ಸರಿ. ಆದರೆ ಅದರ ಬೆಲೆ ತೆರುವವರು ಮೈದಾನದಲ್ಲಿ ಇಲ್ಲದ ಮೂರನೆಯವರು. 2023ರಲ್ಲಿ ಬೆಂಗಳೂರಿನ ಗೆಲುವು ಒಡಿಶಾವನ್ನು ಉಳಿಸಿತು. 2025ರಲ್ಲಿ ಬೆಂಗಳೂರಿನ ಸೋಲು ಅದೇ ಒಡಿಶಾವನ್ನು ಹೊರದೂಡಿತು.

ಇದಕ್ಕೆ ಪೂರ್ಣ ಮದ್ದಿಲ್ಲವಾದರೂ ಭಾಗಶಃ ಪರಿಹಾರವಿದೆ. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾವನ್ನು 1-0ಯಿಂದ ಸೋಲಿಸಿದ ಫಲಿತಾಂಶ ಎರಡಕ್ಕೂ ಸಾಕಾಯಿತು. ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿದ್ದ ಅಲ್ಜೀರಿಯಾ ಹೊರಬಿತ್ತು. ಬಳಿಕ ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ಪದ್ಧತಿ ಬಂದಿತು. ಟಿ.ವಿ. ಪ್ರಸಾರದ ಅನುಕೂಲಕ್ಕಾಗಿ ಕೊನೆಯ ಸುತ್ತನ್ನು ಹಲವು ದಿನಗಳಿಗೆ ಹಂಚುವ ಲೀಗ್‌ಗಳು ಈ ಪಾಠವನ್ನು ಮರೆಯುವಂತಿಲ್ಲ. ಅಂಕಪಟ್ಟಿ ಎಲ್ಲರಿಗೂ ಒಂದೇ. ಕೊನೆಯ ದಿನದ ಗಡಿಯಾರವೂ ಒಂದೇ ಆಗಿರಬೇಕು.