ತೊರಕೆಯನ್ನು ಹಿಡಿಯುವುದೂ ಬಿಡುವುದೂ

ಗಾಳ ಹಾಕುವುದು ಸೋಮಾರಿಗಳ ಕೆಲಸವೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಗಂಗೊಳ್ಳಿಯಂಥ ಅಳಿವೆಯ ದಂಡೆಯಲ್ಲಿ ನಿಂತು ತೊರಕೆ ಮೀನಿಗೆ ಕಾದವರು ಹಾಗೆನ್ನಲಾರರು. ಈ ಹವ್ಯಾಸದ ಪರವಾಗಿ ನಾನು ವಾದಿಸಬಲ್ಲೆ; ಆದರೆ ಹಿಡಿದ ತೊರಕೆಯನ್ನು ಜೀವಂತವಾಗಿ ಮರಳಿ ನೀರಿಗೆ ಬಿಡಬೇಕೆಂಬ ಕರಾರಿನ ಮೇಲೆ.

ತೊರಕೆಗೆ ಕಣ್ಣು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕಡೆಗೆ. ತಾನು ತಿನ್ನುವ ತುತ್ತನ್ನು ಅದು ಕಾಣಲಾರದು. ವಾಸನೆಯಿಂದಲೂ, ಮರಳಿನಲ್ಲಿ ಅಡಗಿದ ಜೀವಿಗಳ ಮೈಯಿಂದ ಹೊರಡುವ ಸೂಕ್ಷ್ಮ ವಿದ್ಯುತ್ತಿನಿಂದಲೂ ಆಹಾರವನ್ನು ಪತ್ತೆಮಾಡುತ್ತದೆ. ಆ ವಿದ್ಯುತ್ತನ್ನರಿಯುವ ರಂಧ್ರಗಳನ್ನು ಇಟಲಿಯ ಲೊರೆಂಜಿನಿ 1678ರಲ್ಲಿಯೇ ವರ್ಣಿಸಿದ್ದನು. ಅವುಗಳ ಕೆಲಸವೇನೆಂದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು! ಆದುದರಿಂದ ಎರೆ ನೋಡಲು ಚೆನ್ನಾಗಿರಬೇಕಿಲ್ಲ, ನಾರಬೇಕು. ಬೂತಾಯಿಯ ತುಂಡು ಉತ್ತಮ. ಆದರೆ ಮೆತ್ತಗಿರುವುದರಿಂದ ನೂಲು ಸುತ್ತದಿದ್ದರೆ ಎಸೆಯುವಾಗಲೇ ಉದುರುತ್ತದೆ. ಸಿಗಡಿಯೂ ಆದೀತು. ಸೀಸದ ಗುಂಡು ದಾರದ ಮೇಲೆ ಸರಾಗವಾಗಿ ಜಾರುವಂತಿರಬೇಕು. ಮೀನು ಎರೆಯನ್ನೆಳೆದಾಗ ಭಾರ ತಿಳಿಯಬಾರದು. ಎರೆ ನೆಲದಲ್ಲಿಯೇ ಮಲಗಿರಲಿ. ಮಳೆಗಾಲ ಕಳೆದ ಮೇಲೆ, ಭರತ ಏರುವ ಮುಚ್ಚಂಜೆ ಇದಕ್ಕೆ ತಕ್ಕ ಹೊತ್ತು.

ಇನ್ನು ಬಿಡುವ ಮಾತು. ಬೂತಾಯಿ ಸಾವಿರಾರು ಮೊಟ್ಟೆಯಿಡುತ್ತದೆ. ತೊರಕೆ ಮರಿ ಹಾಕುವ ಮೀನು. ಒಂದು ಸಲಕ್ಕೆ ಬೆರಳೆಣಿಕೆಯಷ್ಟೇ. ಬಸುರಿ ತೊರಕೆ ಗಾಳಕ್ಕೆ ಸಿಕ್ಕರೆ ಆ ಹೆದರಿಕೆಯಲ್ಲಿಯೇ ದಿನ ತುಂಬದ ಮರಿಗಳನ್ನು ಹಾಕಿಬಿಡುವುದುಂಟು. ಅದರ ಬಂಧುವಾದ ಗರಗಸ ಮೀನು ಎಷ್ಟು ಅಪರೂಪವಾಯಿತೆಂದರೆ, 2001ರಲ್ಲಿ ಅದಕ್ಕೆ ಹುಲಿಗಿರುವಂಥ ಕಾಯಿದೆಯ ರಕ್ಷಣೆ ಕೊಡಬೇಕಾಯಿತು. ಮೀನು ಹಿಡಿದೇ ಹೊಟ್ಟೆ ಹೊರೆಯುವವರಿಗೆ ನಾನು ಬುದ್ಧಿ ಹೇಳಹೊರಟಿಲ್ಲ. ಆ ಅಧಿಕಾರ ನನಗಿಲ್ಲ. ರಜೆಯ ವಿನೋದಕ್ಕೆ ಗಾಳ ಹಿಡಿಯುವ ನಮ್ಮಂಥವರಿಗೆ ಈ ಮಾತು.

ಬಿಡುವುದಕ್ಕೂ ಕ್ರಮವುಂಟು. ಮುಳ್ಳಿನ ಭಯದಿಂದ ಬಾಲವನ್ನೇ ಕಡಿದು ನೀರಿಗೆಸೆಯುವವರಿದ್ದಾರೆ, ಅದನ್ನು ಬಿಡುವುದೆನ್ನಲಾದೀತೆ? ಕಣ್ಣಿನ ಹಿಂದಿನ ತೂತುಗಳು ಉಸಿರಾಟಕ್ಕೆ ನೀರೆಳೆಯುವ ದಾರಿ. ಬೆರಳು ತೂರಿಸಿ ಎತ್ತಬಾರದು. ತುದಿ ಒಳಕ್ಕೆ ಬಾಗಿದ ಗಾಳವಾದರೆ ಸಾಮಾನ್ಯವಾಗಿ ಬಾಯಂಚಿಗೆ ಸಿಕ್ಕುತ್ತದೆ, ಬಿಡಿಸುವುದು ಸುಲಭ. ನುಂಗಿದ್ದರೆ ಮೀನನ್ನು ನೀರಿನಲ್ಲಿಯೇ ಇರಿಸಿ, ಬಾಯಿಯ ಹತ್ತಿರ ದಾರ ಕತ್ತರಿಸಬೇಕು. ದಂಡೆಯಲ್ಲಿ ನೀರಿಗಿಳಿಯುವಾಗ ಹೆಜ್ಜೆ ಎತ್ತಿಡದೆ ಕಾಲನ್ನು ಮರಳಿನಲ್ಲಿ ಎಳೆಯುತ್ತ ನಡೆದರೆ ತೊರಕೆ ತಾನಾಗಿಯೇ ಸರಿದುಹೋಗುತ್ತದೆ. ಹಾಗೂ ಮುಳ್ಳು ತಗುಲಿದರೆ, ಚರ್ಮ ಸುಡದಷ್ಟು, ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ ಗಾಯವನ್ನದ್ದಿದರೆ ನೋವು ತಗ್ಗುತ್ತದೆ. ಆಮೇಲೆ ಡಾಕ್ಟರಲ್ಲಿಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು.