ದಾನದ ಕುದುರೆಯ ಬಾಯಿ ತೆರೆಸಿ

‘ಡೋಂಟ್ ಲುಕ್ ಎ ಗಿಫ್ಟ್ ಹಾರ್ಸ್ ಇನ್ ದ ಮೌತ್.’ ಈ ಮಾತನ್ನ ನನಗೆ ಮೊದಲು ಹೇಳಿದ್ದು ಒಬ್ಬ ಎಚ್‌ಆರ್ ಮ್ಯಾನೇಜರ್. ಆಫರ್ ಲೆಟರ್‌ನಲ್ಲಿ 1,00,000 ರೂಪಾಯಿ ಜಾಯಿನಿಂಗ್ ಬೋನಸ್ ಇತ್ತು. ಅದರ ಕೆಳಗಿದ್ದ ಸಣ್ಣಕ್ಷರದ ಸಾಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದೆ, ಅದಕ್ಕೆ ನಗುನಗುತ್ತಾ ಕೊಟ್ಟ ಉತ್ತರ ಇದು. ನಾನೂ ನಕ್ಕೆ, ಸಹಿ ಹಾಕಿದೆ.

ತೆರಿಗೆ ಕಳೆದು ಕೈಗೆ ಬಂದಿದ್ದು 68,800. ತುಮಕೂರು–ಬೆಂಗಳೂರು ಅಂತ ದಿನಾ ರೈಲಲ್ಲಿ ಓಡಾಡಿ ಸಾಕಾಗಿ 14ನೇ ತಿಂಗಳಿಗೆ ಕೆಲಸ ಬಿಟ್ಟೆ. ಆ ಸಣ್ಣಕ್ಷರ ಹೇಳಿದ್ದು ಇಷ್ಟೇ: 24 ತಿಂಗಳೊಳಗೆ ಬಿಟ್ಟರೆ ಬೋನಸ್ ವಾಪಸ್, ಅದೂ ಪೂರ್ತಿ 1,00,000. ನಾನು ಕಣ್ಣಲ್ಲೇ ನೋಡದ 31,200 ರೂಪಾಯನ್ನೂ ಸೇರಿಸಿ ಕಟ್ಟಿದೆ.

ಆಮೇಲೆ ಕೂತು ಈ ನುಡಿಗಟ್ಟಿನ ಜಾತಕ ಜಾಲಾಡಿದೆ. ಕುದುರೆಗೆ ಎರಡೂವರೆ ವರ್ಷದಿಂದ ಮುಂದಿನ ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ಹೊಸವು ಬರುತ್ತವೆ, ಐದಕ್ಕೆ ಬಾಯಿ ತುಂಬುತ್ತೆ. ಆಮೇಲೆ ಹಲ್ಲು ಸವೆಯುತ್ತಾ, ಉದ್ದವಾಗಿ ಮುಂದಕ್ಕೆ ಬಾಗುತ್ತಾ ಹೋಗುತ್ತೆ. ಮಾರುವವನು ಏನೇ ಬೊಗಳೆ ಬಿಟ್ಟರೂ ಹಲ್ಲು ವಯಸ್ಸು ಹೇಳಿಬಿಡುತ್ತೆ. ಬಿಟ್ಟಿ ಕೊಟ್ಟಾಗ ಮಾತ್ರ ಬಾಯಿ ನೋಡಬೇಡ ಅನ್ನೋದು ಗಾದೆ. ಇಂಗ್ಲಿಷಿನಲ್ಲಿ ಜಾನ್ ಹೇವುಡ್ 1546ರ ತನ್ನ ಗಾದೆ ಪುಸ್ತಕದಲ್ಲಿ ಸೇರಿಸಿದ್ದಾನೆ. ಅದಕ್ಕೂ ಸಾವಿರ ವರ್ಷಕ್ಕಿಂತ ಹಿಂದೆಯೇ ಸಂತ ಜೆರೋಮ್ ಲ್ಯಾಟಿನ್ನಲ್ಲಿ ಬರೆದಿದ್ದ, ಅದೂ ಜನರ ಬಾಯಲ್ಲಿರೋ ಮಾತು ಅಂತ ಹೇಳಿಯೇ. ತಾನು ಪುಕ್ಕಟೆ ಬರೆದುಕೊಟ್ಟಿದ್ದರಲ್ಲಿ ತಪ್ಪು ಹುಡುಕಿದವರಿಗೆ ಅವನು ಕೊಟ್ಟ ಏಟು ಅದು. ಗಮನಿಸಿ, ಆವತ್ತೂ ಈ ಮಾತಾಡಿದವನು ಕೊಟ್ಟವನೇ, ತಗೊಂಡವನಲ್ಲ.

ನಮ್ಮವರೇನು ಕಮ್ಮಿ? ‘ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೋಗಿ ಮೊಳ ಹಾಕಿದ್ಲಂತೆ’ ಅಂತ ಆಡಿಕೊಂಡು ನಗ್ತೀವಿ. ನನಗೀಗ ಆ ಹೆಂಗಸಿನ ಮೇಲೆ ಭಾರೀ ಗೌರವ. ಬಟ್ಟೆ ಗಿಡ್ಡವಾದರೆ ಅದನ್ನ ಉಟ್ಟು ಊರ ಮುಂದೆ ಓಡಾಡಬೇಕಾದವಳು ಅವಳು, ಕೊಟ್ಟವನಲ್ಲ. ನನಗಿರೋ ಬೇಜಾರು ಒಂದೇ, ಹಿತ್ತಲಿಗೆ ಯಾಕೆ ಹೋದಳು?

ಗುಬ್ಬಿ ಕಡೆ ಹಳ್ಳಿಯಲ್ಲಿದ್ದ ನಮ್ಮ ತಾತ ಇಂಥ ನಾಚಿಕೆಯನ್ನೇ ಇಟ್ಟುಕೊಂಡವರಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನದ ಜಾತ್ರೆಗೆ ಹೋದರೆ, ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋಕ್ಕಿಂತ ಮುಂಚೆ ಎತ್ತಿನ ಕೆಳದುಟಿ ಎತ್ತಿ ನೋಡೋರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಅಂತ ಲೆಕ್ಕ. ಬೀಗರು ಪ್ರೀತಿಯಿಂದ ಕೊಟ್ಟ ಕರುವಿಗೂ ಅದೇ ಮರ್ಯಾದೆ. ಬೀಗರು ಮುಖ ಊದಿಸಿಕೊಂಡರೆ, ‘ಮೇವು ಹಾಕೋನು ನಾನು ಕಣಪ್ಪಾ, ನೋಡಬಾರ್ದಾ?’ ಅನ್ನೋರು.

ಮೇವು! ಅಲ್ಲೇ ಇರೋದು ವಿಷಯ. ಬಿಟ್ಟಿ ಕುದುರೆಗೂ ಹುಲ್ಲು, ಲಾಳ, ಲಾಯ ಎಲ್ಲ ನಿಮ್ಮ ಖರ್ಚೇ. ಆಫೀಸಿನ ಬಿಟ್ಟಿ ಡಿನ್ನರ್‌ಗೆ ರಾತ್ರಿ ಒಂಬತ್ತರವರೆಗೆ ಸೀಟು ಬಿಡದೆ ಕೂರಬೇಕು. ಬಿಟ್ಟಿ ಫೋನ್ ಇಸ್ಕೊಂಡರೆ ಭಾನುವಾರದ ಕರೆಯನ್ನೂ ಎತ್ತಬೇಕು. ಬಿಟ್ಟಿ ಆ್ಯಪ್ ಬಗ್ಗೆ ಹೇಳೋದೇ ಬೇಡ, ಅಲ್ಲಿ ಕುದುರೆಯೇ ನಾವು.

ಕುಣಿಗಲ್ ಸ್ಟಡ್ ಫಾರಂ ಟಿಪ್ಪು ಕಾಲದ್ದು ಅಂತ ನಮ್ಮ ಜಿಲ್ಲೆಯವರಿಗೆ ಹೆಮ್ಮೆ. ರೇಸಿನ ತಳಿಯ ಕುದುರೆಗಳಿಗೆ ವಯಸ್ಸು ತಿಳಿಯಲು ಬಾಯಿ ತೆರೆಸಬೇಕಾಗಿಲ್ಲ. ಹುಟ್ಟಿದ ದಿನ, ಅಪ್ಪ, ಅಮ್ಮ ಎಲ್ಲಾ ಸ್ಟಡ್ ಬುಕ್ಕಿನಲ್ಲಿ ದಾಖಲು. ಅಂದರೆ ಅಲ್ಲಿ ಕುದುರೆಯ ಹಲ್ಲು ಕಾಗದದಲ್ಲಿದೆ. ನಮ್ಮ ಆಫರ್ ಲೆಟರ್‌ನದ್ದೂ ಕಾಗದದಲ್ಲೇ ಇರುತ್ತೆ, ಏಳನೇ ಪುಟದ ಸಣ್ಣಕ್ಷರದಲ್ಲಿ. ಓದೋಕೆ ಹೋದರೆ ಕೃತಜ್ಞತೆ ಇಲ್ಲದವನು ಅನ್ನಿಸಿಕೊಳ್ಳಬೇಕು, ಅಷ್ಟೇ. ಅನ್ನಿಸಿಕೊಳ್ಳಿ. ಅದಕ್ಕೆ ಟಿಡಿಎಸ್ ಇಲ್ಲ.

ಹೋದ ತಿಂಗಳು ಚಿಕ್ಕಪ್ಪನ ಮಗಳಿಗೆ ಮೊದಲ ಕೆಲಸ ಸಿಕ್ಕಿತು. ‘ಅಣ್ಣಾ, ಬೋನಸ್ಸೂ ಇದೆ’ ಅಂತ ಪಿಡಿಎಫ್ ಕಳಿಸಿದಳು. ಇಬ್ಬರೂ ಕೂತು ಏಳನೇ ಪುಟ ಓದಿದೆವು. ವಾಪಸ್ ಕೊಡೋದು ಕೈಗೆ ಬಂದಷ್ಟಾ, ಪೂರ್ತಿಯಾ? ಎಷ್ಟು ತಿಂಗಳು ಅಂತ ಕಳೀತೋ ಅಷ್ಟು ಮನ್ನಾ ಉಂಟಾ? ಕಂಪನಿಯೇ ತೆಗೆದುಹಾಕಿದರೆ? ಮೂರೂ ಪ್ರಶ್ನೆಯನ್ನ ಎಚ್‌ಆರ್‌ಗೆ ಮೇಲ್ ಮಾಡಿದಳು. ಚಿಕ್ಕಮ್ಮ ಮಾತ್ರ ‘ಬಂದಿರೋ ಕೆಲ್ಸ ಕೈ ಬಿಟ್ಟೋದ್ರೆ?’ ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ದಿನ ತಿದ್ದಿದ ಪತ್ರ ಬಂತು. 24 ತಿಂಗಳು ಇದ್ದಿದ್ದು 12 ಆಗಿತ್ತು.